ತರಬೇತಿ ಪಾಠದಿಂದ ಆರಂಭವಾಗಲಿ, ಆ್ಯಪ್‌ನಿಂದಲ್ಲ

ಶಾಲಾ ಶಿಕ್ಷಕರಿಗಾಗಿ ನಡೆಯುವ ತಂತ್ರಜ್ಞಾನ ತರಬೇತಿಗಳ ವೇಳಾಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿದರೆ ಅದರಲ್ಲಿ ಸಾಲಾಗಿ ಕಾಣುವುದು ಸಾಫ್ಟ್‌ವೇರ್‌ಗಳ ಹೆಸರುಗಳೇ. ಬೆಳಗಿನ ಅವಧಿಯಲ್ಲಿ ಸ್ಲೈಡ್ ತಯಾರಿಕೆ, ಅದಾದ ಮೇಲೆ ಆನ್‌ಲೈನ್ ಕ್ವಿಜ್, ಮಧ್ಯಾಹ್ನ ವಿಡಿಯೋ ಸಂಕಲನ, ಸಂಜೆ ಪ್ರಮಾಣಪತ್ರ ವಿತರಣೆ. ಯಾವ ತರಗತಿಯ ಯಾವ ಘಟಕಕ್ಕೆ ಈ ಉಪಕರಣ ಬೇಕು, ಆ ಘಟಕದಲ್ಲಿ ಮಕ್ಕಳು ಎಡವುವುದೆಲ್ಲಿ, ಕಪ್ಪುಹಲಗೆ ಮತ್ತು ಪಠ್ಯಪುಸ್ತಕಗಳಿಂದ ಆಗದ ಯಾವ ಕೆಲಸ ಇದರಿಂದ ಆಗುತ್ತದೆ ಎಂಬ ಪ್ರಶ್ನೆಗಳಿಗೆ ಆ ವೇಳಾಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಒಂದೇ ಮಾತು: ಶಿಕ್ಷಕರ ತಂತ್ರಜ್ಞಾನ ತರಬೇತಿ ಅವರು ಮುಂದಿನ ವಾರ ಮಾಡಬೇಕಾದ ಪಾಠದಿಂದ ಆರಂಭವಾಗಬೇಕು, ಮತ್ತು ಆ ಪಾಠ ತರಗತಿಯಲ್ಲಿ ನಡೆದು ಮುಗಿಯುವವರೆಗೆ ಅವರ ಜೊತೆಗಿರಬೇಕು. ಇವೆರಡೂ ಇಲ್ಲದ ತರಬೇತಿಗೆ ಎಷ್ಟೇ ಒಳ್ಳೆಯ ಸಂಪನ್ಮೂಲ ವ್ಯಕ್ತಿಗಳು ಬಂದರೂ ತರಗತಿಯೊಳಗೆ ಏನೂ ಬದಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಹೊಸ ವಿಚಾರವೇನಲ್ಲ. ವಿಷಯವನ್ನು ತಿಳಿದಿರುವುದು ಬೇರೆ, ಆ ವಿಷಯವನ್ನು ಕಲಿಸುವ ಬಗೆಯನ್ನು ತಿಳಿದಿರುವುದು ಬೇರೆ, ಎರಡನೆಯದೇ ಶಿಕ್ಷಕರ ವಿಶಿಷ್ಟ ಜ್ಞಾನ ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದ್ದರು. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಆ ವಾದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ವಿಷಯ, ಬೋಧನೆ, ತಂತ್ರಜ್ಞಾನ ಇವು ಮೂರನ್ನೂ ಬೇರೆ ಬೇರೆಯಾಗಿ ಕಲಿತ ಶಿಕ್ಷಕರಿಗೆ ಅವುಗಳನ್ನು ಒಂದು ಪಾಠದೊಳಗೆ ಬೆಸೆಯುವ ಜ್ಞಾನ ತಾನಾಗಿ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಬೆಳೆಸಿಕೊಳ್ಳಬೇಕು ಎಂಬುದು ಅವರ ಮಾತಿನ ತಿರುಳು. ಶಿಕ್ಷಣ ಕಾಲೇಜುಗಳಲ್ಲಿ ಈ ಚೌಕಟ್ಟನ್ನು ಬಾಯಿಪಾಠ ಮಾಡಿಸುವುದುಂಟು. ತರಬೇತಿಯ ವೇಳಾಪಟ್ಟಿ ಸಿದ್ಧವಾಗುವಾಗ ಮಾತ್ರ ಅದು ಯಾರ ನೆನಪಿಗೂ ಬರುವುದಿಲ್ಲ.

ಪಾಠದಿಂದ ಆರಂಭಿಸುವುದೆಂದರೆ ಏನು ಎಂಬುದನ್ನು ಒಂದು ಉದಾಹರಣೆಯಿಂದಲೇ ವಿವರಿಸುತ್ತೇನೆ. ವಿದ್ಯುತ್ ಮಂಡಲದ ಪಾಠವನ್ನು ತೆಗೆದುಕೊಳ್ಳಿ. ಒಂದು ಬ್ಯಾಟರಿಗೆ ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದರೆ ಬಹಳಷ್ಟು ಮಕ್ಕಳು ‘ಮೊದಲನೆಯದು’ ಎನ್ನುತ್ತಾರೆ. ವಿದ್ಯುತ್ ಪ್ರವಾಹವನ್ನು ಮೊದಲ ಬಲ್ಬು ಒಂದಿಷ್ಟು ಬಳಸಿಕೊಂಡುಬಿಡುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಎಂಬುದು ಅವರ ತರ್ಕ. ಇದು ಅಜ್ಞಾನವಲ್ಲ, ದಿನನಿತ್ಯದ ಅನುಭವದಿಂದ ಕಟ್ಟಿಕೊಂಡ, ಅವರ ಮಟ್ಟಿಗೆ ಅರ್ಥಪೂರ್ಣವಾದ ಒಂದು ಕಲ್ಪನೆ. ಅನೇಕ ದೇಶಗಳ ಮಕ್ಕಳಲ್ಲಿ ವಿಜ್ಞಾನ ಶಿಕ್ಷಣದ ಸಂಶೋಧಕರು ಇದನ್ನು ಗುರುತಿಸಿದ್ದಾರೆ. ‘ಸರಣಿ ಜೋಡಣೆಯಲ್ಲಿ ವಿದ್ಯುತ್ ಪ್ರವಾಹ ಎಲ್ಲೆಡೆಯೂ ಸಮ’ ಎಂಬ ವಾಕ್ಯವನ್ನು ಹತ್ತು ಸಲ ಬರೆಸಿದರೂ ಆ ಕಲ್ಪನೆ ಅಲ್ಲಾಡುವುದಿಲ್ಲ. ಮಗು ಪರೀಕ್ಷೆಯಲ್ಲಿ ಆ ವಾಕ್ಯವನ್ನು ಬರೆಯುತ್ತದೆ, ಮನಸ್ಸಿನಲ್ಲಿ ಹಳೆಯದನ್ನೇ ಉಳಿಸಿಕೊಳ್ಳುತ್ತದೆ.

ತಂತ್ರಜ್ಞಾನದ ಅಗತ್ಯ ಬೀಳುವುದು ಇಲ್ಲಿ. ಭೌತಶಾಸ್ತ್ರದ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ ಸಿಮ್ಯುಲೇಶನ್‌ಗಳಲ್ಲಿ ವಿದ್ಯುತ್ ಮಂಡಲ ಕಟ್ಟುವ ಒಂದು ಸಾಧನವಿದೆ. ಪರದೆಯ ಮೇಲೆ ತಂತಿ, ಬ್ಯಾಟರಿ, ಬಲ್ಬುಗಳನ್ನು ಎಳೆದು ಜೋಡಿಸಬಹುದು, ತಂತಿಯೊಳಗೆ ಎಲೆಕ್ಟ್ರಾನುಗಳು ಚಲಿಸುವುದನ್ನು ನೋಡಬಹುದು, ಬೇಕಾದ ಜಾಗದಲ್ಲಿ ಅಮ್ಮೀಟರ್ ಇಟ್ಟು ವಿದ್ಯುತ್ ಪ್ರವಾಹವನ್ನು ಅಳೆಯಬಹುದು. ಇದನ್ನು ತೆರೆದು ತೋರಿಸುವುದಕ್ಕೆ ಐದು ನಿಮಿಷ ಸಾಕು, ನಮ್ಮ ತರಬೇತಿಗಳು ಮುಗಿಯುವುದೂ ಆ ಐದು ನಿಮಿಷದಲ್ಲಿಯೇ. ಆದರೆ ಪಾಠ ಅಲ್ಲಿಂದ ಆರಂಭವಾಗಬೇಕಷ್ಟೆ. ಸಿಮ್ಯುಲೇಶನ್ ಓಡಿಸುವ ಮೊದಲು ಪ್ರತಿಯೊಂದು ಮಗುವೂ ತನ್ನ ಊಹೆಯನ್ನು, ಅದಕ್ಕೆ ಕಾರಣವನ್ನು ಪುಸ್ತಕದಲ್ಲಿ ಬರೆಯಬೇಕು; ಪಕ್ಕದವರೊಂದಿಗೆ ವಾದಿಸಬೇಕು; ಅದಾದ ಮೇಲೆ ಎರಡೂ ಬಲ್ಬುಗಳು ಸಮನಾಗಿ ಬೆಳಗುವುದನ್ನು, ಬಲ್ಬಿನ ಹಿಂದೆಯೂ ಮುಂದೆಯೂ ಅಮ್ಮೀಟರ್ ಒಂದೇ ಅಳತೆ ತೋರಿಸುವುದನ್ನು ನೋಡಬೇಕು; ಕೊನೆಗೆ ತನ್ನ ಊಹೆ ತಪ್ಪಿದ್ದೇಕೆ ಎಂದು ಮತ್ತೆ ಬರೆಯಬೇಕು. ಊಹೆಯನ್ನು ಬರೆಸದೆ ನೇರವಾಗಿ ಸಿಮ್ಯುಲೇಶನ್ ತೋರಿಸಿದರೆ ಅದು ಕಣ್ಣಿಗೆ ಚೆಂದದ ಒಂದು ಚಿತ್ರವಾಗಿ ಹಾದುಹೋಗುತ್ತದೆ.

ಅಷ್ಟಕ್ಕೇ ಮುಗಿಯುವುದೂ ಇಲ್ಲ. ಪರದೆಯ ಮೇಲೆ ಎಲೆಕ್ಟ್ರಾನುಗಳು ಚೆಂಡುಗಳಂತೆ ಸಾಲಾಗಿ ಸಾಗುವುದನ್ನು ಕಂಡ ಮಗು ನಿಜವಾದ ತಂತಿಯೊಳಗೂ ಹೀಗೆಯೇ ಇರುತ್ತದೆ ಎಂದು ನಂಬಿಬಿಡಬಹುದು. ಯಾವ ಮಾದರಿಯಾದರೂ ಕೆಲವನ್ನು ತೋರಿಸುತ್ತದೆ, ಕೆಲವನ್ನು ಬಿಟ್ಟಿರುತ್ತದೆ ಎಂದು ಶಿಕ್ಷಕರು ಹೇಳಬೇಕಾಗುತ್ತದೆ. ನಿಜವಾದ ಬ್ಯಾಟರಿ, ಬಲ್ಬುಗಳನ್ನು ಕೈಯಲ್ಲಿ ಹಿಡಿದು ಜೋಡಿಸುವ ಕೆಲಸವನ್ನೂ ಬಿಡುವಂತಿಲ್ಲ. ಅಲ್ಲಿ ತಂತಿ ಸಡಿಲವಾಗಿರುತ್ತದೆ, ಎರಡು ಬಲ್ಬುಗಳು ಪೂರ್ತಿ ಒಂದೇ ರೀತಿ ಇರುವುದಿಲ್ಲ, ಆ ವ್ಯತ್ಯಾಸವೇ ಮತ್ತೊಂದು ಒಳ್ಳೆಯ ಚರ್ಚೆಗೆ ದಾರಿ ಮಾಡುತ್ತದೆ. ಇಷ್ಟನ್ನೂ ಚರ್ಚಿಸಿ, ಪಾಠಯೋಜನೆ ಬರೆದು, ಒಬ್ಬರು ಶಿಕ್ಷಕರಾಗಿ ಉಳಿದವರು ವಿದ್ಯಾರ್ಥಿಗಳಾಗಿ ಮಾಡಿ ನೋಡಲು ಒಂದು ಇಡೀ ದಿನ ಬೇಕು. ಒಂದು ದಿನದಲ್ಲಿ ಹತ್ತು ಉಪಕರಣಗಳನ್ನು ಪರಿಚಯಿಸುವ ತರಬೇತಿಗಿಂತ ಒಂದೇ ಪಾಠವನ್ನು ಈ ಆಳಕ್ಕೆ ಇಳಿದು ನೋಡುವ ತರಬೇತಿ ಎಷ್ಟೋ ಮೇಲು.

ಗಣಿತದಲ್ಲಿಯೂ ಹಾಗೆಯೇ. ತ್ರಿಭುಜದ ಪರಿಕೇಂದ್ರವನ್ನು, ಅಂದರೆ ಮೂರೂ ಶೃಂಗಗಳಿಂದ ಸಮದೂರದಲ್ಲಿರುವ ಬಿಂದುವನ್ನು, ಕಲಿಸುವಾಗ ಕಪ್ಪುಹಲಗೆಯ ಮೇಲೆ ನಾವು ಬರೆಯುವುದು ಹೆಚ್ಚಾಗಿ ಲಘುಕೋನ ತ್ರಿಭುಜವನ್ನೇ, ಹಾಗಾಗಿ ಪರಿಕೇಂದ್ರ ಯಾವಾಗಲೂ ತ್ರಿಭುಜದ ಒಳಗೇ ಇರುತ್ತದೆ ಎಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ಮಾರ್ಕುಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಮೂರು ಲಂಬ ಸಮದ್ವಿಭಾಜಕಗಳನ್ನು ರಚಿಸಿ ಒಂದು ಶೃಂಗವನ್ನು ಎಳೆಯುತ್ತಾ ಹೋದರೆ, ಕೋನ 90 ಡಿಗ್ರಿಯಾದ ಕ್ಷಣದಲ್ಲಿ ಪರಿಕೇಂದ್ರ ವಿಕರ್ಣದ ಮಧ್ಯಬಿಂದುವಿಗೆ ಬಂದು ನಿಲ್ಲುತ್ತದೆ, ಕೋನ ಇನ್ನೂ ಹಿಗ್ಗಿದರೆ ತ್ರಿಭುಜದಿಂದ ಹೊರಗೆ ಹೋಗುತ್ತದೆ. ಕಪ್ಪುಹಲಗೆಯಿಂದ ಆಗದ ಕೆಲಸ ಎಂದು ನಾನು ಹೇಳಿದ್ದು ಇಂಥದ್ದನ್ನು. ಪಠ್ಯಪುಸ್ತಕದ ಪುಟವನ್ನೇ ಸ್ಕ್ಯಾನ್ ಮಾಡಿ ಸ್ಮಾರ್ಟ್ ಬೋರ್ಡಿನ ಮೇಲೆ ತೋರಿಸುವುದರಲ್ಲಿ ಅಂಥ ಲಾಭವೇನೂ ಇಲ್ಲ.

ಇನ್ನು ಎರಡನೆಯ ಮಾತು, ತರಬೇತಿಯ ನಂತರದ ಜೊತೆಗಾರಿಕೆ. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲಿ ಶಿಕ್ಷಕರ ತರಬೇತಿಯ ಕುರಿತು ಮಾಡಿದ ಅಧ್ಯಯನಗಳು ಒಂದು ವಿಷಯವನ್ನು ಎತ್ತಿ ತೋರಿಸಿದವು: ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆಗಳಿಂದ ಶಿಕ್ಷಕರ ತಿಳಿವಳಿಕೆ ಹೆಚ್ಚುತ್ತದೆಯೇ ಹೊರತು, ಕಲಿತದ್ದು ತರಗತಿಯ ರೂಢಿಯಾಗುವುದು ಮುಖ್ಯವಾಗಿ ಸಹೋದ್ಯೋಗಿಯೊಬ್ಬರು ಜೊತೆಗಿದ್ದು ನೋಡಿ, ಮಾತನಾಡಿ, ಮತ್ತೆ ಮಾಡಿಸಿದಾಗ. ನಾಲ್ಕು ದಶಕಗಳ ನಂತರವೂ ನಮ್ಮ ತರಬೇತಿಗಳು ಮೊದಲ ಎರಡು ಹಂತಗಳಲ್ಲಿಯೇ ನಿಂತಿವೆ. ಆನ್‌ಲೈನ್ ಕೋರ್ಸುಗಳು ಬಂದ ಮೇಲೆ ಇದು ಇನ್ನಷ್ಟು ಬಿಗಡಾಯಿಸಿದೆ ಎನ್ನಬೇಕು. ವಿಡಿಯೋ ನೋಡಿ, ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಿ, ಪ್ರಮಾಣಪತ್ರ ಡೌನ್‌ಲೋಡ್ ಮಾಡಿಕೊಳ್ಳುವುದರೊಂದಿಗೆ ಅಂಥ ಕೋರ್ಸು ಮುಗಿಯುತ್ತದೆ. ಎಷ್ಟು ಮಂದಿ ಪೂರೈಸಿದರು ಎಂಬ ಲೆಕ್ಕ ವರದಿಗೆ ಸೇರುತ್ತದೆ. ಎಷ್ಟು ಮಂದಿ ತರಗತಿಯಲ್ಲಿ ಪ್ರಯೋಗಿಸಿದರು ಎಂದು ಕೇಳುವವರಿಲ್ಲ. ಆನ್‌ಲೈನ್ ಕೋರ್ಸೇ ಬೇಡ ಎಂದು ನಾನು ಹೇಳುತ್ತಿಲ್ಲ. ದೂರದ ಶಾಲೆಯ, ತನ್ನ ವಿಷಯಕ್ಕೆ ತಾನೊಬ್ಬರೇ ಇರುವ ಶಿಕ್ಷಕಿಗೆ ಬೇರೆಡೆಯ ಸಹೋದ್ಯೋಗಿಗಳನ್ನು ಜೋಡಿಸುವ ಶಕ್ತಿ ಅದಕ್ಕಿದೆ. ಒಂದು ಪಾಠವನ್ನು ಮಾಡಿ, ಮಕ್ಕಳು ಬರೆದ ಉತ್ತರಗಳೊಂದಿಗೆ ಮರಳಿ ಬಂದು, ನಾಲ್ಕಾರು ಶಿಕ್ಷಕರ ಸಣ್ಣ ಗುಂಪಿನಲ್ಲಿ ಚರ್ಚಿಸುವಂತೆ ಕೋರ್ಸನ್ನು ಹೆಣೆದರೆ ಆ ಶಕ್ತಿ ಬಳಕೆಗೆ ಬರುತ್ತದೆ.

ಉಪಕರಣ ತಲುಪಿಸಿದರೆ ಕಲಿಕೆ ತಾನಾಗಿ ಆಗುತ್ತದೆ ಎಂಬ ನಂಬಿಕೆಗೆ ಪೆರು ದೇಶದ ಅನುಭವ ತಕ್ಕ ಉತ್ತರ. ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್ ಎಂಬ ಯೋಜನೆಯಡಿ ಅಲ್ಲಿಯ ಗ್ರಾಮೀಣ ಶಾಲೆಗಳಿಗೆ ಲಕ್ಷಾಂತರ ಲ್ಯಾಪ್‌ಟಾಪ್‌ಗಳು ಹೋದವು. 319 ಶಾಲೆಗಳನ್ನು ಒಳಗೊಂಡು ನಡೆದ, 2012ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಪ್ರಗತಿ ಕಂಡುಬರಲಿಲ್ಲ. ಮಕ್ಕಳು ಕಂಪ್ಯೂಟರ್ ಬಳಸುವುದನ್ನೇನೋ ಕಲಿತಿದ್ದರು. ಪಾಠದೊಳಗೆ ಅದನ್ನು ಹೇಗೆ ತರಬೇಕೆಂಬ ದಾರಿ ಶಿಕ್ಷಕರಿಗೆ ಸಿಗದಿದ್ದರೆ ಆಗುವುದು ಇಷ್ಟೇ ಎಂದು ನಾನು ಆ ಫಲಿತಾಂಶವನ್ನು ಓದಿಕೊಂಡಿದ್ದೇನೆ.

ಆನ್‌ಲೈನ್ ಸಂಪನ್ಮೂಲಗಳ ವಿಷಯಕ್ಕೆ ಬಂದರೆ, ಇಂದು ಕೊರತೆಯಿಲ್ಲ, ಪ್ರವಾಹವೇ ಇದೆ. ಶಿಕ್ಷಕರಿಗೆ ಕಲಿಸಬೇಕಾದದ್ದು ಆ ಪ್ರವಾಹದಲ್ಲಿ ಯಾವುದನ್ನು ಕೈಗೆತ್ತಿಕೊಳ್ಳಬೇಕು, ಎತ್ತಿಕೊಂಡದ್ದನ್ನು ತಮ್ಮದಾಗಿಸಿಕೊಳ್ಳುವುದು ಹೇಗೆ ಎಂಬುದನ್ನು. ತರಬೇತಿಗಳಲ್ಲಿ ಬಹುಪಾಲು ಉಪೇಕ್ಷೆಗೆ ಒಳಗಾಗಿರುವ ಸಂಗತಿಯೆಂದರೆ ಪರವಾನಗಿ. ಉಚಿತವಾಗಿ ನೋಡಲು ಸಿಗುವುದೆಲ್ಲ ಮುಕ್ತ ಸಂಪನ್ಮೂಲವಲ್ಲ. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಪರಿಕಲ್ಪನೆಗೆ ಯುನೆಸ್ಕೊ 2002ರಲ್ಲಿ ರೂಪ ಕೊಟ್ಟಿತು, 2019ರಲ್ಲಿ ಸದಸ್ಯ ರಾಷ್ಟ್ರಗಳು ಅದರ ಬಗ್ಗೆ ಒಂದು ಶಿಫಾರಸನ್ನೇ ಅಂಗೀಕರಿಸಿದವು. ಅದರ ಅರ್ಥ, ಶಿಕ್ಷಕರು ಆ ಸಾಮಗ್ರಿಯನ್ನು ಉಳಿಸಿಟ್ಟುಕೊಳ್ಳಬಹುದು, ಬದಲಾಯಿಸಬಹುದು, ಬೇರೆಯದರೊಂದಿಗೆ ಸೇರಿಸಬಹುದು, ಹಂಚಬಹುದು. ಕೃತಿಕಾರರು ತಮ್ಮ ಕೃತಿಯನ್ನು ಇತರರು ಹೇಗೆ ಬಳಸಬಹುದೆಂದು ಮೊದಲೇ ತಿಳಿಸಲು ಬಳಸುವ ಕ್ರಿಯೇಟಿವ್ ಕಾಮನ್ಸ್‌ನ ಆರು ಪರವಾನಗಿಗಳಲ್ಲಿ ಎರಡು, ಬದಲಾಯಿಸಿದ ರೂಪವನ್ನು ಹಂಚಲು ಅವಕಾಶ ಕೊಡುವುದಿಲ್ಲ. ಅಂದರೆ ಅಂಥ ಒಂದು ಒಳ್ಳೆಯ ಅಭ್ಯಾಸ ಹಾಳೆಯನ್ನು ನಮ್ಮ ಭಾಷೆಗೆ ಅನುವಾದಿಸಿ ಪಕ್ಕದ ಶಾಲೆಗೆ ಕಳಿಸುವಂತಿಲ್ಲ. ತಾಯ್ನುಡಿಯಲ್ಲಿ ಕಲಿಸುವ ಶಿಕ್ಷಕರಿಗೆ ಇದು ಸಣ್ಣ ವಿಷಯವಲ್ಲ. ತಿಂಗಳುಗಟ್ಟಲೆ ಅನುವಾದ ಮಾಡಿದ ಮೇಲೆ ಇದು ತಿಳಿದರೆ ಆ ಶ್ರಮವೆಲ್ಲ ವ್ಯರ್ಥ. ಪರವಾನಗಿಯನ್ನು ಓದಿ ಅರ್ಥಮಾಡಿಕೊಳ್ಳುವುದನ್ನು ಅರ್ಧ ಗಂಟೆಯಲ್ಲಿ ಕಲಿಸಬಹುದು, ಆ ಅರ್ಧ ಗಂಟೆಯನ್ನು ಯಾರೂ ಕೊಡುತ್ತಿಲ್ಲ ಎಂಬುದೇ ನನ್ನ ಬೇಸರ.

ಉಳಿಸಿಟ್ಟುಕೊಳ್ಳುವುದರ ಮಹತ್ವವನ್ನು ನಾವು ಈಗಾಗಲೇ ಕಂಡಿದ್ದೇವೆ. ಫ್ಲ್ಯಾಶ್ ತಂತ್ರಾಂಶಕ್ಕೆ ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ರಂದು ಬೆಂಬಲ ನಿಲ್ಲಿಸಿದಾಗ, ಅದನ್ನೇ ನೆಚ್ಚಿಕೊಂಡಿದ್ದ ಅಸಂಖ್ಯ ಶೈಕ್ಷಣಿಕ ಆಟಗಳೂ ಅನಿಮೇಶನ್‌ಗಳೂ ಬ್ರೌಸರಿನಲ್ಲಿ ತೆರೆಯದಂತಾದವು. ಫೆಟ್‌ನಂತಹ ಯೋಜನೆಗಳು ತಮ್ಮ ಸಿಮ್ಯುಲೇಶನ್‌ಗಳನ್ನು ಬ್ರೌಸರಿನಲ್ಲಿ ನೇರವಾಗಿ ಓಡುವ ಎಚ್‌ಟಿಎಂಎಲ್5 ರೂಪಕ್ಕೆ ಮರುರಚಿಸಿಕೊಂಡವು. ಅಷ್ಟು ಜನಬಲ ಇಲ್ಲದವರ ಕೆಲಸ ಮರೆಯಾಯಿತು. ಅಂತರ್ಜಾಲ ಸರಿಯಾಗಿ ಸಿಗದ ಶಾಲೆಗಳ ಪಾಡು ಇದಕ್ಕಿಂತ ದೊಡ್ಡದು. ವಿಕಿಪೀಡಿಯಾವನ್ನೇ ಡೌನ್‌ಲೋಡ್ ಮಾಡಿಟ್ಟುಕೊಂಡು ಸಂಪರ್ಕವಿಲ್ಲದೆ ಓದಲು ಕಿವಿಕ್ಸ್ ಇದೆ, ಪಾಠಗಳನ್ನೂ ಅಭ್ಯಾಸಗಳನ್ನೂ ಶಾಲೆಯ ಒಂದು ಕಂಪ್ಯೂಟರಿನಲ್ಲಿಟ್ಟು ಉಳಿದ ಸಾಧನಗಳಿಗೆ ಒಳಜಾಲದ ಮೂಲಕ ಒದಗಿಸಲು ಕೊಲಿಬ್ರಿ ಇದೆ. ಇಂಥವುಗಳ ಪರಿಚಯ ಸದಾ ವೈಫೈ ಇರುವ ಸಭಾಂಗಣದಲ್ಲಿ ನಡೆಯುವ ತರಬೇತಿಗಳಿಗೆ ಹೊಳೆಯುವುದೇ ಇಲ್ಲ. ನನ್ನ ಸಲಹೆ ಏನೆಂದರೆ, ತರಬೇತಿಯ ಒಂದು ಅವಧಿಯನ್ನಾದರೂ ವೈಫೈ ಆರಿಸಿಯೇ ನಡೆಸಬೇಕು.

ಮಕ್ಕಳ ಮಾಹಿತಿಯ ಸುರಕ್ಷತೆಯೂ ತರಬೇತಿಯ ಕೊನೆಯ ಸ್ಲೈಡಿಗೆ ಸೀಮಿತವಾಗಬಾರದು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ, 49 ದೇಶಗಳ ಸರ್ಕಾರಗಳು ಕೋವಿಡ್ ಕಾಲದಲ್ಲಿ ಶಿಫಾರಸು ಮಾಡಿದ್ದ 160ಕ್ಕೂ ಹೆಚ್ಚು ಶೈಕ್ಷಣಿಕ ಆ್ಯಪ್ ಮತ್ತು ಜಾಲತಾಣಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು, ಮಕ್ಕಳ ಹಕ್ಕುಗಳಿಗೆ ಅಪಾಯ ತರುವ ಅಥವಾ ಅವನ್ನು ಉಲ್ಲಂಘಿಸುವ ರೀತಿಯಲ್ಲಿ ಮಾಹಿತಿಯನ್ನು ನಿರ್ವಹಿಸುತ್ತಿದ್ದವು. ಸರ್ಕಾರವೇ ಹೇಳಿದೆ ಎಂಬ ಭರವಸೆ ಸಾಲದು. ಮಗುವಿನ ಪೂರ್ಣ ಹೆಸರು, ಫೋಟೋ, ಫೋನ್ ಸಂಖ್ಯೆ ಕೊಡದೆ ಈ ಆ್ಯಪ್ ಬಳಸಲು ಬರುತ್ತದೆಯೇ ಎಂದು ಶಿಕ್ಷಕರು ಮೊದಲೇ ನೋಡಿಕೊಳ್ಳಬೇಕು, ಬರುವುದಿಲ್ಲವಾದರೆ ಅದನ್ನು ಬಿಡುವ ಅಧಿಕಾರವೂ ಅವರಿಗಿರಬೇಕು.

ಕೃತಕ ಬುದ್ಧಿಮತ್ತೆಯ ಬಗ್ಗೆ ಈಗ ಎಲ್ಲೆಡೆ ಕಾರ್ಯಾಗಾರಗಳು ನಡೆಯುತ್ತಿವೆ, ಅವುಗಳ ಧಾಟಿ ಹಳೆಯದೇ. ಒಂದು ಸಾಲು ಟೈಪ್ ಮಾಡಿದರೆ ಪಾಠಯೋಜನೆ ಬರುತ್ತದೆ, ಪ್ರಶ್ನೆಪತ್ರಿಕೆ ಬರುತ್ತದೆ ಎಂದು ತೋರಿಸಿ ಬೆರಗು ಹುಟ್ಟಿಸುತ್ತಾರೆ. ಬಂದದ್ದರಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿಸುವ ಅಭ್ಯಾಸ ಮಾಡಿಸಿದರೆ ಆ ಕಾರ್ಯಾಗಾರಕ್ಕೆ ಬೆಲೆ. ಪರಿಕೇಂದ್ರದ ಮೇಲೆ ಅದು ಕೊಟ್ಟ ಹತ್ತು ಪ್ರಶ್ನೆಗಳಲ್ಲಿ ವಿಶಾಲಕೋನ ತ್ರಿಭುಜ ಒಂದಾದರೂ ಇದೆಯೇ ಎಂದು ಗಮನಿಸಬಲ್ಲವರು ಗಣಿತದ ಶಿಕ್ಷಕರೇ.

ಇದೆಲ್ಲಕ್ಕೂ ಬೇಕಾಗಿರುವುದು ಸಮಯ. ಮುಖ್ಯ ಶಿಕ್ಷಕರು ಮತ್ತು ತರಬೇತಿ ಯೋಜಿಸುವವರಲ್ಲಿ ನನ್ನ ಕೋರಿಕೆ ಇದು. ತರಬೇತಿಗೆ ಬರುವ ಶಿಕ್ಷಕರಿಂದ, ಮಕ್ಕಳಿಗೆ ಅರ್ಥಮಾಡಿಸಲು ಕಷ್ಟವಾಗುತ್ತಿರುವ ಒಂದೊಂದು ಘಟಕದ ಹೆಸರನ್ನು ಮೊದಲೇ ಬರೆಸಿ ತರಿಸಿಕೊಳ್ಳಿ, ವೇಳಾಪಟ್ಟಿಯನ್ನು ಆ ಪಟ್ಟಿಯಿಂದ ಕಟ್ಟಿರಿ. ತರಬೇತಿಯ ನಂತರದ ತಿಂಗಳಲ್ಲಿ ವಾರಕ್ಕೆ ಒಂದು ಪೀರಿಯಡನ್ನು ಬಿಡುವಾಗಿಸಿ, ಇಬ್ಬರು ಶಿಕ್ಷಕರು ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂತು ನೋಡುವ ಅವಕಾಶ ಮಾಡಿಕೊಡಿ. ವರದಿಯಲ್ಲಿ ಪ್ರಮಾಣಪತ್ರಗಳ ಸಂಖ್ಯೆಯ ಬದಲಿಗೆ ನಡೆದ ಪಾಠಗಳನ್ನೂ, ಊಹೆ ಬರೆದಾಗ ಮತ್ತು ಪಾಠ ಮುಗಿದಾಗ ಮಕ್ಕಳು ಕೊಟ್ಟ ಕಾರಣಗಳನ್ನೂ ಸೇರಿಸಲು ಹೇಳಿ. ಆ ಬರಹಗಳನ್ನು ಓದಿದರೆ ಮುಂದಿನ ತರಬೇತಿ ಯಾವ ಘಟಕದಿಂದ ಆರಂಭವಾಗಬೇಕೆಂಬುದು ಅಲ್ಲಿಯೇ ಸಿಗುತ್ತದೆ.