ಮೀನಿನ ರೇಟು ಕೇಳುವ ಮುದುಕ

"ಮನುಷ್ಯನನ್ನು ನಾಶ ಮಾಡಬಹುದು, ಸೋಲಿಸಲು ಆಗುವುದಿಲ್ಲ." ಹಿಂದೆ ದೊಡ್ಡ ಅಲೆ, ಮುಂದೆ ಪುಟ್ಟ ದೋಣಿ, ಮೇಲೆ ಈ ಸಾಲು. ಇಂಥ ಪೋಸ್ಟರ್ ನೀವೂ ನೋಡಿರುತ್ತೀರಿ. ಹೆಮಿಂಗ್ವೇಯ ಕಾದಂಬರಿ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ' (1952) ಓದದವರಿಗೂ ಈ ಮಾತು ಗೊತ್ತು.

ಅದೇ ಪುಸ್ತಕದಲ್ಲಿ, ಈ ಮಾತಿಗಿಂತ ಸ್ವಲ್ಪ ಮೊದಲು ಮುದುಕ ಮೀನುಗಾರ ಸ್ಯಾಂಟಿಯಾಗೊ ಇನ್ನೇನೋ ಯೋಚಿಸುತ್ತಾನೆ. ಅವನು ಹಿಡಿದ ದೈತ್ಯ ಮೀನು ಅಂತೂ ಸತ್ತಿದೆ. ಕೈಯೆಲ್ಲ ಹಗ್ಗ ಕೊಯ್ದ ಗಾಯ. ಆಗ ಅವನ ತಲೆಯಲ್ಲಿ ಓಡುವುದು ಲೆಕ್ಕ. ಮೀನು 1,500 ಪೌಂಡ್‌ಗೂ ಜಾಸ್ತಿ ಇದೆ, ಕೊಯ್ದು ಸ್ವಚ್ಛ ಮಾಡಿದ ಮೇಲೆ ಮೂರರಲ್ಲಿ ಎರಡು ಪಾಲು ಉಳಿದರೂ ಪೌಂಡಿಗೆ 30 ಸೆಂಟ್‌ನಂತೆ ಎಷ್ಟಾಗುತ್ತದೆ? ಇದಕ್ಕೆ ಪೆನ್ಸಿಲ್ ಬೇಕು ಅಂದುಕೊಳ್ಳುತ್ತಾನೆ. ಮೊದಲ ಶಾರ್ಕ್ ಬಂದು ಆ ಮೀನನ್ನು ಕಚ್ಚಿ ತಿಂದಾಗಲೂ ಅಷ್ಟೇ. 40 ಪೌಂಡ್ ಹೋಯಿತು ಅನ್ನುತ್ತಾನೆ.

ಆ ಪೆನ್ಸಿಲ್ ಮಾತನ್ನು ಯಾರೂ ಪೋಸ್ಟರ್ ಮಾಡಿಲ್ಲ. ನನ್ನ ತಕರಾರು ಇಲ್ಲೇ. ಕಡಲೆಂದರೆ ವಿಧಿ, ಮೀನು ಎಂದರೆ ಗುರಿ, ದೋಣಿ ಎಂದರೆ ಒಂಟಿ ಮನುಷ್ಯ ಅಂತ ನಾವು ಬೇಗ ಬೇಗ ಅರ್ಥ ಹಚ್ಚಿಬಿಡುತ್ತೇವೆ. ಆ ಅವಸರದಲ್ಲಿ ಸಾಲ, ಪಾಲು, ರೇಟು, ದೋಣಿ ಯಾರದ್ದು ಅನ್ನುವ ಪ್ರಶ್ನೆ, ಎಲ್ಲವೂ ಕೈಬಿಟ್ಟು ಹೋಗುತ್ತವೆ. ಒಳ್ಳೆಯ ಕಡಲ ಕಥೆಗಳಲ್ಲಿ ಹೋರಾಟ ಹೆಚ್ಚಾಗಿ ನಡೆಯುವುದು ದಡದ ಜೊತೆಗೇ ಅಂತ ನನಗೆ ಅನ್ನಿಸುತ್ತದೆ.

ಸ್ಯಾಂಟಿಯಾಗೊನನ್ನೇ ನೋಡಿ. 84 ದಿನ ಮೀನು ಸಿಕ್ಕಿಲ್ಲ. ಆದರೆ ಅವನು ಒಂಟಿಯಾದದ್ದು ಕಡಲಿನಿಂದಲ್ಲ. ಮೊದಲ 40 ದಿನ ಜೊತೆಗಿದ್ದ ಹುಡುಗನನ್ನು ಅವನ ಅಪ್ಪ ಅಮ್ಮ ಬೇರೆ ದೋಣಿಗೆ ಕಳಿಸಿದರು. ಆ ದೋಣಿಗೆ ಮೊದಲ ವಾರದಲ್ಲೇ ಮೂರು ಒಳ್ಳೆಯ ಮೀನು ಸಿಕ್ಕಿತು. ಬಡ ಮನೆಯವರು, ಗಳಿಕೆ ಇರುವ ಕಡೆಗೆ ಮಗನನ್ನು ಕಳಿಸದೆ ಇನ್ನೇನು ಮಾಡುತ್ತಾರೆ? ನಡುಕಡಲಿನಲ್ಲಿ ಮುದುಕ 'ಹುಡುಗ ಇರಬೇಕಿತ್ತು' ಅಂತ ಮತ್ತೆ ಮತ್ತೆ ಹೇಳುತ್ತಾನೆ. ಒಬ್ಬನೇ ಗೆಲ್ಲುವ ವೀರನ ಕಥೆ ಅಂತ ಇದನ್ನು ಹೇಗೆ ಓದುತ್ತೇವೋ ಗೊತ್ತಿಲ್ಲ. ಅವನಿಗೆ ಕಡಲಿನ ಮೇಲೆ ದ್ವೇಷವೂ ಇಲ್ಲ. ಕಡಲನ್ನು ಎದುರಾಳಿ ಅನ್ನುವವರು ಶಾರ್ಕ್ ಲಿವರ್ ಮಾರಿದ ದುಡ್ಡಿನಲ್ಲಿ ಮೋಟಾರ್ ದೋಣಿ ಕೊಂಡ ಹೊಸ ಹುಡುಗರು.

ಹೆಮಿಂಗ್ವೇ ಅದೇ 1952ರಲ್ಲಿ ಕಲಾ ಇತಿಹಾಸಕಾರ ಬರ್ನಾರ್ಡ್ ಬೆರೆನ್ಸನ್‌ಗೆ ಬರೆದ ಕಾಗದದಲ್ಲಿ ಇದರಲ್ಲಿ ಸಂಕೇತ ಗಿಂಕೇತ ಏನೂ ಇಲ್ಲ, ಕಡಲು ಕಡಲೇ, ಮುದುಕ ಮುದುಕನೇ ಅಂತ ಹೇಳಿಬಿಟ್ಟ. ಲೇಖಕರ ಮಾತನ್ನು ಪೂರ್ತಿ ನಂಬಬಾರದು, ನಿಜ. ಶಿಲುಬೆ ಹೊತ್ತ ಯೇಸುವಿನಂತೆ ಗಾಯಗೊಂಡ ಅಂಗೈ, ಹೆಗಲ ಮೇಲೆ ಮರದ ಕಂಬ, ಇದನ್ನೆಲ್ಲ ಬರೆದು ಸಂಕೇತ ಇಲ್ಲ ಅಂದರೆ ಯಾರು ಕೇಳುತ್ತಾರೆ! ಆದರೂ ಕಾಗದದ ಸಿಟ್ಟು ನನಗೆ ಅರ್ಥವಾಗುತ್ತದೆ.

ಇಟಲಿಯ ಜೊವಾನ್ನಿ ವೆರ್ಗಾ 1881ರಲ್ಲಿ ಬರೆದ 'ಇ ಮಲವೋಲ್ಯಾ' ಕಾದಂಬರಿ ನಮ್ಮಲ್ಲಿ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಸಿಸಿಲಿಯ ಆಚಿ ಟ್ರೆಝಾ ಎಂಬ ಊರಿನ ಮೀನುಗಾರ ಕುಟುಂಬ. ದುಡಿಯುವ ವಯಸ್ಸಿನ ಮೊಮ್ಮಗನನ್ನು ಸರಕಾರ ಸೈನ್ಯಕ್ಕೆ ಎಳೆದುಕೊಂಡು ಹೋಗುತ್ತದೆ. ಕೈ ಬಿಗಿಯಾಗುತ್ತದೆ. ಮೀನಿನಿಂದ ಬದುಕು ಸಾಗದು ಅಂತ ಅಜ್ಜ ಒಂದು ವ್ಯಾಪಾರಕ್ಕೆ ಕೈ ಹಾಕುತ್ತಾನೆ. ಬಡ್ಡಿ ವ್ಯವಹಾರದವನಿಂದ ಲೂಪಿನ್ ಎಂಬ ಕಾಳನ್ನು ಸಾಲಕ್ಕೆ ತಂದು ದೋಣಿಗೆ ತುಂಬಿಸುತ್ತಾನೆ. ಆ ಕಾಳು ಕೆಟ್ಟು ಹೋದದ್ದು ಬೇರೆ. ಬಿರುಗಾಳಿಗೆ ಸಿಕ್ಕಿ ಮಗ ಸಾಯುತ್ತಾನೆ, ಕಾಳು ನೀರುಪಾಲು. ಸಾಲ ಮಾತ್ರ ಹಾಗೇ ಉಳಿಯುತ್ತದೆ. ಬಿರುಗಾಳಿ ಒಂದು ರಾತ್ರಿಯದ್ದು. ಸಾಲ ವರ್ಷಗಟ್ಟಲೆ ಮನೆಯನ್ನು ತಿನ್ನುತ್ತದೆ. ಕೊನೆಗೆ ಮನೆಯೂ ಕೈತಪ್ಪುತ್ತದೆ. ದೋಣಿಯ ಹೆಸರು ಏನು ಗೊತ್ತಾ? 'ಪ್ರೊವಿಡೆಂಝಾ', ಅಂದರೆ ದೈವಕೃಪೆ. ವೆರ್ಗಾಗೆ ಇಂಥ ಕಹಿ ತಮಾಷೆ ಬಹಳ ಇಷ್ಟ.

ಮಾಣಿಕ್ ಬಂದೋಪಾಧ್ಯಾಯರ ಬಂಗಾಳಿ ಕಾದಂಬರಿ 'ಪದ್ಮಾ ನದೀರ್ ಮಾಝಿ'ಯಲ್ಲಿ ಇರುವುದು ನದಿ, ಕಡಲಲ್ಲ. ಆದರೂ ಇಲ್ಲಿ ತರಲೇಬೇಕು. ರಾತ್ರಿಯಿಡೀ ನೀರಿನಲ್ಲಿ ನಡುಗುತ್ತಾ ಮೀನುಗಾರ ಕುಬೇರ ಹಿಲ್ಸಾ ಮೀನು ಹಿಡಿಯುತ್ತಾನೆ. ದೋಣಿ, ಬಲೆ ಎರಡೂ ಧನಂಜಯನದ್ದು. ದೊಡ್ಡ ಪಾಲು ಅವನಿಗೇ. ಅಷ್ಟು ಸಾಲದೆ ಮೀನಿನ ಎಣಿಕೆಯಲ್ಲೂ ಸುಳ್ಳು ಹೇಳುತ್ತಾನೆ. ಕುಬೇರ ಅನ್ನುವ ಹೆಸರಿಟ್ಟುಕೊಂಡವನ ಪಾಡು ಇದು.

ಇನ್ನು ತಕಳಿಯವರ ಮಲಯಾಳಂ ಕಾದಂಬರಿ 'ಚೆಮ್ಮೀನ್' (1956). ಗಂಡ ಕಡಲಿಗೆ ಹೋದಾಗ ದಡದಲ್ಲಿ ಹೆಂಡತಿ ಶುದ್ಧವಾಗಿದ್ದರೆ ಮಾತ್ರ ಅವನು ತಿರುಗಿ ಬರುತ್ತಾನೆ ಎಂಬ ನಂಬಿಕೆಯ ಸುತ್ತ ಕಟ್ಟಿದ ಕಥೆ. ಎಷ್ಟು ಸುಂದರ ನಂಬಿಕೆ ಅಂತ ಹೊಗಳುವವರಿದ್ದಾರೆ. ನನಗೆ ಇದು ಭಯ ಹುಟ್ಟಿಸುತ್ತದೆ. ಗಾಳಿಗೂ ಸುಳಿಗೂ ಮನೆಯಲ್ಲಿ ಕೂತ ಹೆಂಗಸೇ ಜವಾಬ್ದಾರಿಯಂತೆ! ಕಥೆಯಲ್ಲಿ ನಿಜವಾಗಿ ತಪ್ಪು ಮಾಡುವವನು ನಾಯಕಿ ಕರುತ್ತಮ್ಮನ ಅಪ್ಪ ಚೆಂಬನ್‌ಕುಂಜು. ದೋಣಿ ಬಲೆಯ ಆಸೆಗೆ, ಅವಳು ಪ್ರೀತಿಸುವ ಮೀನು ವ್ಯಾಪಾರಿ ಪರೀಕುಟ್ಟಿಯಿಂದ ದುಡ್ಡು ತೆಗೆದುಕೊಂಡು, ಹಿಡಿದ ಮೀನನ್ನು ಅವನಿಗೇ ಮಾರುತ್ತೇನೆ ಅಂತ ಮಾತು ಕೊಟ್ಟು, ಕೈ ಎತ್ತುತ್ತಾನೆ. ಅಪ್ಪನ ದುರಾಸೆಗೆ ಕಡಲಮ್ಮ ಮುನಿಯುವುದಿಲ್ಲ, ಮಗಳ ಮನಸ್ಸಿಗೆ ಮುನಿಯುತ್ತಾಳೆ. ಕಡಲನ್ನು ಸಂಕೇತ ಮಾಡಿದರೆ ಆ ಸಂಕೇತ ಯಾರ ಕೆಲಸಕ್ಕೆ ಬರುತ್ತದೆ ಅಂತಲೂ ನೋಡಬೇಕು, ಅಲ್ವಾ?

ಐರ್ಲೆಂಡಿನ ಜೆ.ಎಂ. ಸಿಂಜ್ ಬರೆದ 'ರೈಡರ್ಸ್ ಟು ದ ಸೀ' ನಾಟಕ 1904ರಲ್ಲಿ ಮೊದಲು ರಂಗಕ್ಕೆ ಬಂತು. ಅಲ್ಲಿ ದಡದ ಹೆಂಗಸರೇ ಎಲ್ಲ. ನೀರಲ್ಲಿ ಸತ್ತ ಅಣ್ಣನನ್ನು ತಂಗಿ ಗುರುತು ಹಿಡಿಯುವುದು ಅವನ ಕಾಲುಚೀಲದಿಂದ. ತಾನೇ ಹೆಣೆದಿದ್ದಳು, ನಾಲ್ಕು ಹೊಲಿಗೆ ತಪ್ಪಿತ್ತು. ಕಡಲಿನ ಬಗ್ಗೆ ಬರೆದ ಎಷ್ಟೋ ದೊಡ್ಡ ಮಾತುಗಳಿಗಿಂತ ನನಗೆ ಆ ನಾಲ್ಕು ಹೊಲಿಗೆ ಜಾಸ್ತಿ ನೆನಪಿದೆ.

ನಮ್ಮ ವಚನ, ದಾಸರ ಪದಗಳಲ್ಲಿ ಕಡಲು ಬೇರೆಯೇ ತರ. ಅಲ್ಲಿ ಸಂಸಾರ ಸಾಗರವನ್ನು ದಾಟಬೇಕು, ಈಸಬೇಕು, ಜೈಸಬೇಕು. 'ಅಂಬಿಗ ನಾ ನಿನ್ನ ನಂಬಿದೆ' ಅಂತ ಪುರಂದರದಾಸರು ದೇವರನ್ನೇ ದೋಣಿ ನಡೆಸುವವನನ್ನಾಗಿ ಮಾಡುತ್ತಾರೆ. ಹಾಡು ಚೆಂದ. ಆದರೆ ದಾಟುವವರಿಗೆ ಕಡಲು ಒಂದು ಅಡ್ಡಿ, ಅದರಿಂದಲೇ ಅನ್ನ ತಿನ್ನುವವರಿಗೆ ಹಾಗಲ್ಲ.

ಸಂಕೇತವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ತಿಮಿಂಗಿಲ ಬೇಟೆಯ ಹಡಗಿನ ಕಾದಂಬರಿ, ಮೆಲ್ವಿಲ್ ಬರೆದ 'ಮೋಬಿ ಡಿಕ್' (1851) ನನ್ನ ಕಪಾಳಕ್ಕೆ ಹೊಡೆಯುತ್ತದೆ. ಅದರಲ್ಲಿ ಬಿಳಿ ಬಣ್ಣದ ಮೇಲೆಯೇ ಒಂದು ಇಡೀ ಅಧ್ಯಾಯ ಇದೆ. ಆದರೆ ಮೆಲ್ವಿಲ್ ಹಗ್ಗ ಹೇಗೆ ಸುತ್ತಬೇಕು, ಕೊಬ್ಬು ಹೇಗೆ ಕರಗಿಸಬೇಕು ಅಂತಲೂ ಅಷ್ಟೇ ಶ್ರದ್ಧೆಯಿಂದ ಬರೆಯುತ್ತಾನೆ. ಸಂಬಳದ ಮಾತು ಮೊದಲೇ ಬರುತ್ತದೆ. ಲಾಭದಲ್ಲಿ ಕಥೆ ಹೇಳುವ ನಾವಿಕ ಇಶ್ಮಾಯೆಲ್‌ಗೆ ಸಿಗುವುದು ಮುನ್ನೂರರಲ್ಲಿ ಒಂದು ಪಾಲು. ಒಬ್ಬ ಮಾಲೀಕ ಏಳುನೂರ ಎಪ್ಪತ್ತೇಳರಲ್ಲಿ ಒಂದು ಸಾಕು ಅಂದಿದ್ದ! ಈಟಿ ಎಸೆದು ತೋರಿಸಿದ ಅವನ ಗೆಳೆಯ ಕ್ವೀಕ್ವೆಗ್‌ಗೆ ತೊಂಬತ್ತರಲ್ಲಿ ಒಂದು.

ಕ್ಯಾಪ್ಟನ್ ಆಹಾಬ್ ತನ್ನ ಕಾಲು ಕಿತ್ತ ಒಂದು ತಿಮಿಂಗಿಲದ ಮೇಲೆ ಜಗತ್ತಿನ ಕೇಡನ್ನೆಲ್ಲ ಹೇರುತ್ತಾನೆ. ಅವನ ಕೈಕೆಳಗಿನ ಅಧಿಕಾರಿ ಸ್ಟಾರ್‌ಬಕ್ ಕೇಳುವುದು ಒಂದೇ: ನಿನ್ನ ಸೇಡಿನಿಂದ ಎಷ್ಟು ಪೀಪಾಯಿ ಎಣ್ಣೆ ಸಿಗುತ್ತದೆ? ಹಡಗು ಹೊರಟ ನಾಂಟುಕೆಟ್ ಊರಿನ ಮಾರ್ಕೆಟ್ಟಿನಲ್ಲಿ ಅದಕ್ಕೆ ರೇಟಿಲ್ಲ. ಬಹಳ ಓದುಗರಿಗೆ ಆಗ ಸ್ಟಾರ್‌ಬಕ್ ಸಣ್ಣವನಾಗಿ ಕಾಣುತ್ತಾನೆ, ಆಹಾಬ್ ಎತ್ತರಕ್ಕೆ ಏರುತ್ತಾನೆ. ಅಷ್ಟು ಎತ್ತರದ ಆಹಾಬ್‌ಗೂ ದುಡ್ಡಿನ ಆಸೆ ತೋರಿಸದೆ ಹುಡುಗರು ಹೆಚ್ಚು ದಿನ ಮಾತು ಕೇಳುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ದಾರಿಯಲ್ಲಿ ಬೇರೆ ತಿಮಿಂಗಿಲಗಳನ್ನೂ ಹಿಡಿಸುತ್ತಾನೆ. ಆ ಹಡಗಿನಲ್ಲಿ ಬದುಕಿ ಉಳಿದವನು ಒಬ್ಬ ಇಶ್ಮಾಯೆಲ್. ಉಳಿದವರ ಪಾಲಿನ ಲೆಕ್ಕ ಯಾರೂ ಕೇಳಲಿಲ್ಲ, ನಾವು ಓದುಗರೂ ಕೇಳಲಿಲ್ಲ.