ಕರೆದರೆ ಬಾರದ, ಹದ ಮಾಡಿದರೆ ಬರುವ ಪ್ರಾಣಿಗಳು

ವಿಡಿಯೋ ಗೇಮ್ ಎಂದರೆ ಗುಂಡು ಹಾರಿಸುವುದು, ಅಂಕ ಗಳಿಸುವುದು ಇಷ್ಟೇ ಎಂದು ನಂಬಿರುವ ಹಿರಿಯರಿಗೆ ನಾನು ‘ವಿವಾ ಪಿನ್ಯಾಟಾ’ದ ವಿಷಯ ಹೇಳುತ್ತೇನೆ. ಇಂಗ್ಲೆಂಡಿನ ರೇರ್ ಸಂಸ್ಥೆ ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಯಂತ್ರಕ್ಕೆಂದು ರೂಪಿಸಿದ ಈ ಆಟ ಬಂದದ್ದು 2006ರಲ್ಲಿ. ಮೆಕ್ಸಿಕೋದ ಸಂಭ್ರಮಗಳಲ್ಲಿ ಮಕ್ಕಳು ಕೋಲಿನಿಂದ ಹೊಡೆದು ಒಡೆಯುವ, ಮಿಠಾಯಿ ತುಂಬಿದ ಕಾಗದದ ಬೊಂಬೆಗಳಿಗೆ ಪಿನ್ಯಾಟಾ ಎನ್ನುತ್ತಾರೆ. ಆಟದಲ್ಲಿ ಅವೇ ಜೀವ ತಳೆದು ಓಡಾಡುತ್ತವೆ.

ಆರಂಭದಲ್ಲಿ ನಮಗೆ ದೊರೆಯುವುದು ಕಸ ಬಿದ್ದ, ಕಲ್ಲಿನಂತೆ ಗಟ್ಟಿಯಾದ ಒಂದು ತುಂಡು ನೆಲ. ಅದನ್ನು ಸಲಿಕೆಯಿಂದ ಸಡಿಲಿಸಿ, ಹುಲ್ಲು ಹಾಸಿ, ಬೀಜ ನೆಟ್ಟು, ಅಳತೆಯರಿತು ನೀರು ಹಾಕಬೇಕು. ನೀರು ಹೆಚ್ಚಾದರೂ ಗಿಡ ಸಾಯುತ್ತದೆ. ಪ್ರಾಣಿಯ ಬೆನ್ನಟ್ಟಿ ಹಿಡಿಯುವ ಕೆಲಸ ಇಲ್ಲಿಲ್ಲ. ಅದಕ್ಕೆ ಒಪ್ಪುವ ನೆಲ, ನೀರು, ಆಹಾರ ಸಿದ್ಧವಾದಾಗ ಅದು ಮೊದಲು ತೋಟದ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ; ಮತ್ತಷ್ಟು ಹಿಡಿಸಿದರೆ ಒಳಗೆ ಬಂದು ಸುತ್ತಾಡುತ್ತದೆ; ತನಗೆ ಬೇಕಾದುದೆಲ್ಲ ಸಿಕ್ಕಿದೆ ಎನಿಸಿದಾಗಲಷ್ಟೇ ನೆಲೆಸುತ್ತದೆ. ಅಲ್ಲಿಯವರೆಗೂ ಬಣ್ಣವಿಲ್ಲದೆ ಬೂದುಬೂದಾಗಿದ್ದ ಅದರ ಮೈ, ನೆಲೆಸಿದ ಗಳಿಗೆಯಲ್ಲಿ ಬಣ್ಣ ತುಂಬಿಕೊಳ್ಳುತ್ತದೆ. ಇಷ್ಟು ಸರಳವಾಗಿ, ಒಂದು ಮಾತೂ ಇಲ್ಲದೆ, ‘ಇದು ಈಗ ಇಲ್ಲಿಯದು’ ಎಂದು ತಿಳಿಸುವ ಇನ್ನೊಂದು ಆಟವನ್ನು ನಾನು ಕಂಡಿಲ್ಲ.

ಮೊದಮೊದಲು ಬರುವುದು ಎರೆಹುಳುವಿನ ರೂಪದ ವರ್ಲ್ಮ್. ಅದಕ್ಕೊಂದು ಮನೆ ಕಟ್ಟಿಸಿ, ಜೋಡಿ ಕೂಡಿಸಿ, ಮರಿಯಾಗುವುದನ್ನು ನೋಡಿದ ಮೇಲೆ ಗುಬ್ಬಿಯ ರೂಪದ ಸ್ಪ್ಯಾರೋಮಿಂಟ್ ಬರುತ್ತದೆ, ಮತ್ತು ಅದು ವರ್ಲ್ಮನ್ನು ತಿನ್ನುತ್ತದೆ. ಅಕ್ಕನ ಮಗಳು ಇಲ್ಲಿ ಆಟ ನಿಲ್ಲಿಸಿ, “ಮಾಮ, ಇದನ್ನ ತಿನ್ನೋಕೆ ಬಿಡಲೇಬೇಕಾ?” ಎಂದು ಕೇಳಿದಳು. ಈ ಭಾಗವನ್ನು ಮಕ್ಕಳಿಗೆ ತೋರಿಸದಿರುವುದೇ ಒಳ್ಳೆಯದೆಂದು ಹೇಳುವವರಿದ್ದಾರೆ; ನಾನು ಒಪ್ಪುವುದಿಲ್ಲ. ಹುಳು ಬೇಡ, ಹಕ್ಕಿ ಮಾತ್ರ ಬೇಕು ಎಂಬ ಆಸೆ ಯಾವ ತೋಟದಲ್ಲೂ ನಡೆಯುವುದಿಲ್ಲ, ಮತ್ತು ಆ ಪ್ರಶ್ನೆಯನ್ನು ಮಗು ತಾನಾಗಿ ಕೇಳುವಂತೆ ಮಾಡಿದ್ದೇ ಈ ಆಟದ ದೊಡ್ಡ ಗುಣ.

ಬೆಂಗಳೂರಿನ ಬಾಲ್ಕನಿಗಳಲ್ಲೂ ಇದೇ ಆಸೆ ಕಾಣುತ್ತದೆ. ಚಿಟ್ಟೆ ಬರಲೆಂದು ಹೂವಿನ ಕುಂಡ ತರುತ್ತೇವೆ. ಆದರೆ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಚಿಕ್ಕ ಹುಳುವನ್ನು ಕಂಡೊಡನೆ ಔಷಧಿ ಸಿಂಪಡಿಸುತ್ತೇವೆ. ಆ ಹುಳುವೇ ದೊಡ್ಡದಾಗಿ, ಹಸಿರು ಬಣ್ಣಕ್ಕೆ ತಿರುಗಿ, ಕೋಶ ಕಟ್ಟಿ, ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯಾಗಿ ಹೊರಬರುತ್ತದೆ. ಹೂವು ಚಿಟ್ಟೆಯ ಊಟಕ್ಕೆ ಸಾಕು, ಅದರ ಸಂಸಾರಕ್ಕೆ ಸಾಲದು.

ಪ್ರಾಣಿ ನೆಲೆಸಿದ ಮೇಲೂ ಕೆಲಸ ಮುಗಿಯದಿರುವುದು ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದ ಸಂಗತಿ. ಕೆಂಪು-ಕಪ್ಪು ಮೈಬಣ್ಣದ ಹುಳಿ ಪಿನ್ಯಾಟಾಗಳು ತೋಟಕ್ಕೆ ನುಗ್ಗಿ ಕೆಟ್ಟ ಮಿಠಾಯಿ ಬೀಳಿಸಿ ಹೋಗುತ್ತವೆ, ಅದನ್ನು ತಿಂದ ನಮ್ಮ ಪ್ರಾಣಿ ಕಾಯಿಲೆ ಬೀಳುತ್ತದೆ. ಆಗ ಚಾಕೊಲೇಟ್ ನಾಣ್ಯ ಕೊಟ್ಟು ವೈದ್ಯನನ್ನು ಕರೆಸಬೇಕು. ಕರೆಸದಿದ್ದರೆ ಡಾಸ್ಟಾರ್ಡೋಸ್ ಎಂಬ ಮುಖವಾಡದವನು ಬಂದು ಅದನ್ನು ಒಡೆದುಹಾಕುತ್ತಾನೆ. ಹೊಸ ಪ್ರಾಣಿಯ ಆಸೆಯಲ್ಲಿ ಹಳೆಯದನ್ನು ಮರೆತವರಿಗೆ ಆಟ ಕೊಡುವ ಶಿಕ್ಷೆ ಇಷ್ಟು ನೇರವಾಗಿದೆ.

2015ರ ‘ರೇರ್ ರಿಪ್ಲೇ’ ಸಂಗ್ರಹದಲ್ಲಿ ಈ ಆಟವೂ ಇದೆ. ಎಕ್ಸ್‌ಬಾಕ್ಸ್ ಒನ್ ಇರುವ ಮನೆಗಳಲ್ಲಿ ತಂದೆತಾಯಂದಿರು ಒಂದು ಸಂಜೆ ಮಕ್ಕಳ ಪಕ್ಕದಲ್ಲಿ ಕುಳಿತು, ಮೊದಲ ವರ್ಲ್ಮ್ ನೆಲೆಸುವವರೆಗಾದರೂ ಆಡಬೇಕೆಂದು ಕೇಳಿಕೊಳ್ಳುತ್ತೇನೆ.