ಮಂಗ ಪ್ರೊ, ಮಾವ ಬಿಗಿನರ್

ನನ್ನ ಸೋದರಳಿಯನಿಗೆ ಸರ್ಟಿಫಿಕೇಟ್ ಬಂದಿದೆ. ಬೆಂಗಳೂರಿನ ಅವನ ಆಫೀಸಿನವರು ಇಪ್ಪತ್ತು ಜನರನ್ನು ನಮ್ಮ ಕಡೆಯ ಒಂದು ರೆಸಾರ್ಟಿಗೆ ಕರೆತಂದು ಪೇಂಟ್‌ಬಾಲ್ ಆಡಿಸಿದರು, ಬಣ್ಣ ತುಂಬಿದ ಗುಂಡಿನಿಂದ ಒಬ್ಬರಿಗೊಬ್ಬರು ಹೊಡೆಯುವ ಆಟ. ಟೀಂ ಬಿಲ್ಡಿಂಗ್ ಅಂತೆ. ಮರುದಿನ ಶಿರಸಿಯ ಮನೆಗೆ ಬಂದವನು ತೋಳಿನ ಮೇಲೆ ಕಂದಿದ ಗುಂಡನೆ ಗುರುತು ತೋರಿಸಿ "ಮಾವಾ, ನಾನೀಗ ಇಂಟರ್‌ಮೀಡಿಯೆಟ್" ಅಂದ. ಅದೇ ದಿನ ಬೆಳಿಗ್ಗೆ ನಾನು ತೋಟದ ಕೋವಿಯನ್ನು ಠಾಣೆಗೆ ಕೊಟ್ಟು ಬಂದಿದ್ದೆ. ಚುನಾವಣೆ ಬಂತಲ್ಲ, ಮುಗಿಯುವ ತನಕ ಲೈಸೆನ್ಸಿನ ಕೋವಿ ಠಾಣೆಯಲ್ಲಿಡಿ ಅಂತ ನೋಟೀಸ್ ಬರುವುದು ನಿಮಗೆ ಗೊತ್ತಿದ್ದದ್ದೇ.

ಹಾಗಾಗಿ ಊಟಕ್ಕೆ ಕೂತಾಗ ಮನೆಯಲ್ಲಿ ಬಂದೂಕಿನ ಬಗ್ಗೆ ಮಾತಾಡುವ ಅರ್ಹತೆ ಇದ್ದದ್ದು ಅವನೊಬ್ಬನಿಗೇ. ಬಿಗಿನರ್ ಅಂದರೆ ಗುಂಡು ತಾಗುವ ಮೊದಲೇ ಅಯ್ಯೋ ಅನ್ನುವವನು, ಎದುರಾಳಿ ಇರುವ ದಿಕ್ಕು ಬಿಟ್ಟು ಉಳಿದ ಎಲ್ಲ ದಿಕ್ಕಿಗೂ ಹೊಡೆಯುವವನು. ಇಂಟರ್‌ಮೀಡಿಯೆಟ್ ಆದವನು ಮರದ ಒಂದೇ ಬದಿಯಿಂದ ಎರಡು ಸಲ ಇಣುಕುವುದಿಲ್ಲ. ಅದಕ್ಕೂ ಮೇಲಿನವರಿಗೆ ಅಮೆರಿಕದ ಟೂರ್ನಿಗಳಲ್ಲಿ ಡಿವಿಷನ್ ನಂಬರು ಇದೆ, ತುತ್ತತುದಿಯಲ್ಲಿ ಪ್ರೊ. ಆಟದ ಶೈಲಿಯೂ ಬೇರೆ ಬೇರೆ. ಫ್ರಂಟ್ ಪ್ಲೇಯರ್ ಮುಂದೆ ನುಗ್ಗಿ ಅಡಗುತ್ತಾನೆ, ಬ್ಯಾಕ್ ಪ್ಲೇಯರ್ ಹಿಂದೆ ನಿಂತು ಒಂದೇ ಸಮನೆ ಗುಂಡು ಸುರಿಸುತ್ತಾ ಯಾರು ಎಲ್ಲಿದ್ದಾರೆ ಅಂತ ಕೂಗಿ ಹೇಳುತ್ತಾನೆ. ಹೊಸಬರಿಗೆಲ್ಲ ಸ್ನೈಪರ್, ಅಂದರೆ ದೂರದಲ್ಲಿ ಅಡಗಿ ಗುರಿ ಇಟ್ಟು ಹೊಡೆಯುವವನು, ಆಗುವ ಆಸೆ. ಆದರೆ ಆಟದಲ್ಲಿ ಗುಂಡಿನ ವೇಗಕ್ಕೆ ಮಿತಿ ಇದೆ, ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ. ಅದು ಎಲ್ಲರಿಗೂ ಒಂದೇ, ಹಾಗಾಗಿ ಸ್ನೈಪರ್ ಗುಂಡು ಬೇರೆಯವರದ್ದಕ್ಕಿಂತ ದೂರವೇನೂ ಹೋಗುವುದಿಲ್ಲ. ಉದ್ದ ನಳಿಗೆ ಹಾಕಿಕೊಂಡು ಪೊದೆಯೊಳಗೆ ಮಲಗಿದರೆ ಸಿಗುವುದು ಉಂಬಳ, ಅಂದರೆ ಜಿಗಣೆ, ಮಾತ್ರ. ಇವನಿಗೂ ಎರಡು ಕಚ್ಚಿದ್ದವು.

ಇದನ್ನೆಲ್ಲ ಕೇಳುತ್ತಾ ನನಗೆ ನಮ್ಮ ತೋಟದ ಮಂಗಗಳೇ ಕಣ್ಣಮುಂದೆ ಬಂದವು. ಕೋಚಿಂಗ್ ಇಲ್ಲ, ಪ್ಯಾಕೇಜ್ ಇಲ್ಲ, ಆದರೂ ಏನು ಶಿಸ್ತು! ಎರಡು ಮರಿಗಳು ಮುಂದೆ ಹಾರಿ ಬಾಳೆಗೊನೆಗೆ ಕೈಹಾಕುತ್ತವೆ. ಗಡವ, ಅಂದರೆ ದೊಡ್ಡ ಗಂಡು ಮಂಗ, ಹಿಂದೆ ಹಲಸಿನ ಮರದಲ್ಲಿ ಕೂತು ಕಾವಲು ಕಾಯುತ್ತದೆ, ನಾನು ಅಂಗಳ ಇಳಿದರೆ ಸಾಕು, ಒಂದು ಕೂಗು. ಒಂದೇ ಬದಿಯಿಂದ ಎರಡು ಸಲ ಬರುವುದಂತೂ ಇಲ್ಲವೇ ಇಲ್ಲ. ಮಿಳ್ಳೆ, ಅಂದರೆ ಎಳೆ ಅಡಿಕೆ, ಕಚ್ಚಿ ಚೀಪಿ ನನ್ನ ತಲೆಗೇ ಗುರಿ ಇಟ್ಟು ಎಸೆಯುತ್ತವೆ. ತೀರ್ಥಹಳ್ಳಿ ಕಡೆ ರೈತರೊಬ್ಬರು ಮಂಗ ಓಡಿಸಲು ನಾಯಿಗೆ ಹುಲಿಪಟ್ಟೆ ಬಳಿದದ್ದು 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು, ನೆನಪಿದೆಯಲ್ಲ? ನಮ್ಮ ಮಲೆನಾಡಿಗೆ ಸರಿಯಾದ ಪೇಂಟ್ ಆಟ ಅಂದರೆ ಅದು. ನಮ್ಮ ನಾಯಿ ಒಪ್ಪಲಿಲ್ಲ.

ಅಂದ ಹಾಗೆ ಈ ಪೇಂಟ್ ಬಂದೂಕು ಹುಟ್ಟಿದ್ದು ಆಟಕ್ಕಲ್ಲ. ಕಾಡಿನಲ್ಲಿ ಮರಕ್ಕೆ, ಹಿಂಡಿನಲ್ಲಿ ದನಕ್ಕೆ ದೂರದಿಂದ ಬಣ್ಣದ ಗುರುತು ಹಾಕಲು. 1981ರ ಜೂನಿನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ 12 ಜನ ಅದನ್ನು ಹಿಡಿದು ಮೊದಲ ಆಟ ಆಡಿದರು, ಕಾಡಿನಲ್ಲಿಟ್ಟ ಬಾವುಟಗಳನ್ನು ಎತ್ತಿಕೊಂಡು ಬರುವ ಆಟ. ಕಾಡಿನ ಮಾತು ಬಂತಲ್ಲ, ನಮ್ಮ ಶಿರಸಿ ಕಡೆಯ ಸಾಲ್ಕಣಿಯಲ್ಲಿ 1983ರಲ್ಲಿ ಜನ ಕಡಿಯಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು, ಅದೇ ಅಪ್ಪಿಕೋ ಚಳವಳಿ. ಅವರಿಗೆ ಯಾರೂ ಲೆವೆಲ್ ಕೊಟ್ಟ ನೆನಪಿಲ್ಲ. ಇರಲಿ. ಅಮೆರಿಕದ ಆ ಮೊದಲ ಆಟದಲ್ಲಿ ಗೆದ್ದವನು ಕಾಡು ಬಲ್ಲ ಮನುಷ್ಯ, ಮರದ ಕೆಲಸದವನು. ಒಂದೇ ಒಂದು ಗುಂಡು ಹಾರಿಸದೆ, ಯಾರ ಕಣ್ಣಿಗೂ ಬೀಳದೆ ಎಲ್ಲ ಬಾವುಟ ಎತ್ತಿಕೊಂಡು ಹೋದ. ಅದೇ ಮಂಗನ ಶೈಲಿ, ಬಾವುಟದ ಬದಲು ಬಾಳೆಗೊನೆ ಅಷ್ಟೇ.

ನನ್ನ ಲೆವೆಲ್ ಏನು ಅಂತ ಅಳಿಯ ಕೇಳಿದ. ನಾನು ಗಾಳಿಗೆ ಒಂದು ಈಡು ಹೊಡೆಯುವವನು ಮಾರಾಯ, ಸದ್ದಿಗೆ. ಲೈಸೆನ್ಸ್ ಕೊಟ್ಟದ್ದೇ ಬೆಳೆ ರಕ್ಷಣೆಗೆ. 2024ರ ಲೋಕಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಎಣಿಕೆ ಜೂನ್ 4ಕ್ಕೆ. ಹತ್ತಿರ ಹತ್ತಿರ 80 ದಿನ ತೋಟದಲ್ಲಿ ಕೋವಿ ಇಲ್ಲ. ಎಲ್ಲರ ಕೋವಿಯನ್ನೂ ಇಸ್ಕೊಳ್ಳಿ ಅಂತ ನಿಯಮ ಹೇಳುವುದಿಲ್ಲ, ಯಾರದ್ದು ಬೇಕು ಯಾರದ್ದು ಬೇಡ ಅಂತ ನೋಡಲು ಸ್ಕ್ರೀನಿಂಗ್ ಸಮಿತಿ ಇದೆ. ಆದರೆ ನೋಡುವುದಕ್ಕಿಂತ ಎಲ್ಲರಿಗೂ ನೋಟೀಸ್ ಕಳಿಸುವುದು ಸುಲಭ. ಎಪ್ಪತ್ತು ದಾಟಿದ ಮನುಷ್ಯ, ಮೊಣಕಾಲು ನೋವು, ಎರಡು ಬಸ್ಸು ಬದಲಿಸಿ ಕೋವಿ ಹೊತ್ತುಕೊಂಡು ಹೋಗಿ ಠಾಣೆಯ ಬೆಂಚಿನಲ್ಲಿ ಕೂರಬೇಕು, ಯಾವ ಬೂತನ್ನು ವಶ ಮಾಡಿಕೊಳ್ಳುತ್ತೇನೆ ಅಂತ? ಆಮೇಲೆ ವಾಪಸ್ ತರಲು ಮತ್ತೆ ಎರಡು ಬಸ್ಸು. ಬೆಳೆ ಹೋದದ್ದಕ್ಕೆ ಅರ್ಜಿ ಹಾಕಿದರೆ ಫೋಟೋ ಕೇಳುತ್ತಾರೆ. ಸಾಕಾಗಿದೆ, ನಿಜವಾಗಿ ಸಾಕಾಗಿದೆ.

ಇದನ್ನು ಬರೆಯುವಾಗ ಅಳಿಯ ತೋಟಕ್ಕೆ ಇಳಿದಿದ್ದಾನೆ, ಕವಣೆ ಹಿಡಿದುಕೊಂಡು, ಒಂದು ಮರದಿಂದ ಇನ್ನೊಂದು ಮರಕ್ಕೆ ಬಗ್ಗಿ ಬಗ್ಗಿ ಓಡುತ್ತಾ. ಗಡವ ಹಲಸಿನ ಮರದಲ್ಲಿ ಮೈ ಕೆರೆದುಕೊಳ್ಳುತ್ತಾ ಅವನನ್ನೇ ನೋಡುತ್ತಿದೆ. ಕೂಗು ಕೂಡ ಹಾಕಲಿಲ್ಲ.